ಏನೂ ಮಾಡಲ್ಲ ಬನ್ನಿ



ನಮ್ಮ ಮನೆಯ ನಾಯಿಯ ಹೆಸರು ಬೆಲ್ಲಿ. ಅಚ್ಚು ಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು. ತೂಕ 6 ಕಿಲೋ. ಎಂಟು ವರ್ಷದ ಹಿಂದೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ, ತರಕಾರಿ ಬುಟ್ಟಿಗಳ ನಡುವೆ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ನನ್ನ ಮಗಳು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಯಾವ ಜಾತಿ ಎಂದು ಯಾರಾದರೂ ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ಗಿಡ್ಡ ಕಾಲು, ಜೋಲು ಕಿವಿ, ಮನೆಗೆ ಬಂದವರ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುವ ಅಭ್ಯಾಸ.

ಕಳೆದ ಆಷಾಢದ ಒಂದು ಬೆಳಿಗ್ಗೆ, ಆರೂವರೆ ಗಂಟೆ. ತುಂತುರು ಹನಿಯುತ್ತಿತ್ತು. ಒಂದು ಕೈಯಲ್ಲಿ ಬೆಲ್ಲಿಯ ಹಗ್ಗ, ಇನ್ನೊಂದು ಕೈಯಲ್ಲಿ ಮಡಿಸಿದ ಛತ್ರಿ. ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಮುಂದೆ ಕೆಲಸದಾಕೆ ನೀರು ಹಾಕಿ, ರಂಗೋಲಿ ಬಿಡಲು ಗೇಟನ್ನು ಒಂದು ಮೊಳದಷ್ಟು ತೆರೆದಿದ್ದಳು. ಆ ಒಂದು ಮೊಳದ ಸಂದಿಯಿಂದ ಎರಡು ನಾಯಿ ಹೊರಗೆ ಬಂದವು. ಒಂದು ರಾಟ್‌ವೀಲರ್, ಇನ್ನೊಂದು ಅದರದೇ ಮಿಶ್ರ ತಳಿ. ಎರಡೂ ಬೊಗಳಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು ನಾನು. ಬೊಗಳದ ನಾಯಿ ಹೇಗೆ ಬರುತ್ತದೆ ಎಂದು ಅವತ್ತು ನೋಡಿದೆ. ಮೈ ಸೆಟೆದು, ಬಾಲ ನೆಟ್ಟಗೆ, ಕಣ್ಣು ಒಂದೇ ಕಡೆ ನೆಟ್ಟು, ನೇರವಾಗಿ ಬಂದವು. ನಾನು ಬೆಲ್ಲಿಯ ಹಗ್ಗ ಎಳೆಯುವಷ್ಟರಲ್ಲಿ ಒಂದರ ಬಾಯಿ ಅವಳ ಬೆನ್ನಿನ ಮೇಲಿತ್ತು. ಎತ್ತಿ, ಒದ್ದೆ ಬಟ್ಟೆ ಕೊಡವುವ ಹಾಗೆ ಕೊಡವಿತು. ಅವಳ ಕೂಗು ಕೇಳಿ ಎರಡನೆಯದೂ ನುಗ್ಗಿತು.

ನಾನು ಕೈ ಹಾಕಿದೆ. ಹಾಕಬಾರದಿತ್ತು. ಹಲ್ಲು ಎಡಗೈಗೆ ತಾಗಿ ರಕ್ತ ಬಂತು. ಬಿಡಿಸಿದವನು ಎದುರು ಮನೆಯ ಕಾರು ತೊಳೆಯುತ್ತಿದ್ದ ಹುಡುಗ. ಓಡಿ ಬಂದು ರಬ್ಬರ್ ಪೈಪಿನ ನೀರನ್ನು ನಾಯಿಯ ಮೂಗಿಗೇ ಬಿಟ್ಟ. ಬಾಯಿ ಸಡಿಲವಾಯಿತು. ನನ್ನ ಛತ್ರಿ ಮಡಿಸಿದ್ದು ಮಡಿಸಿದ ಹಾಗೇ ರಸ್ತೆಯಲ್ಲಿ ಬಿದ್ದಿತ್ತು. ಆ ಛತ್ರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಲ್ಲಿಯನ್ನು ಟವೆಲಿನಲ್ಲಿ ಸುತ್ತಿ ಆಟೋದಲ್ಲಿ ಕೂತಾಗ ನೋಡಿದೆ: ಬೆನ್ನಿನ ಮೇಲೆ ಎರಡೇ ತೂತು, ಒಂದೊಂದೂ ಹುರಳಿಕಾಳಿನಷ್ಟು. ಪುಣ್ಯ, ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಕೂದಲು ಬೋಳಿಸಿ ನೋಡಿದ ಪಶುವೈದ್ಯೆ ಹೇಳಿದ ಮಾತು ಬೇರೆ. ದೊಡ್ಡ ನಾಯಿ ಸಣ್ಣ ನಾಯಿಯನ್ನು ಕಚ್ಚಿದಾಗ ಹೊರಗೆ ಕಾಣುವುದು ಹಲ್ಲಿನ ಗುರುತು ಮಾತ್ರ. ನಾಯಿಯ ಚರ್ಮ ಸಡಿಲ. ಹಲ್ಲಿನ ಜೊತೆಗೆ ಅದು ಎಳೆದುಕೊಂಡು ಹೋಗುತ್ತದೆ, ಹರಿಯುವುದಿಲ್ಲ. ಒಳಗಿನ ಮಾಂಸ ಹಾಗಲ್ಲ, ಅದು ಹರಿಯುತ್ತದೆ. ಕೊಡವಿದ ರಭಸಕ್ಕೆ ಪಕ್ಕೆಲುಬು ಮುರಿಯಬಹುದು, ಮುರಿದ ಎಲುಬು ಶ್ವಾಸಕೋಶಕ್ಕೆ ಚುಚ್ಚಬಹುದು, ಹೊಟ್ಟೆಯ ಗೋಡೆ ಒಡೆದು ಕರುಳು ಚರ್ಮದ ಕೆಳಗೆ ಜಾರಬಹುದು. ಜೊತೆಗೆ ಹಲ್ಲಿನ ಕೊಳೆ, ಕೂದಲು ಆಳಕ್ಕೆ ಹೋಗಿ ಎರಡು ಮೂರು ದಿನದ ಮೇಲೆ ಕೀವಾಗಬಹುದು. ಬೆಲ್ಲಿಗೆ ಎರಡು ಪಕ್ಕೆಲುಬು ಮುರಿದಿದ್ದವು, ಬೆನ್ನಿನ ಒಂದು ಪಟ್ಟಿ ಮಾಂಸ ಚರ್ಮದಿಂದ ಬಿಟ್ಟುಕೊಂಡಿತ್ತು. ಎಕ್ಸ್‌ರೇ, ಅರಿವಳಿಕೆ, ಒಳಗೆಲ್ಲ ತೊಳೆದು ಹೊಲಿಗೆ, ಕೀವು ಹರಿದುಹೋಗಲು ಒಂದು ಸಣ್ಣ ಕೊಳವೆ. ಹನ್ನೊಂದು ದಿನ ಅವಳು ಚಪ್ಪಲಿಯ ಹತ್ತಿರವೂ ಬರಲಿಲ್ಲ.

ಆದ್ದರಿಂದ ಈ ಮಾತನ್ನು ನಿಧಾನವಾಗಿ ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಗಾಯ ಚಿಕ್ಕದಿದೆ ಎಂದು ಮನೆಯಲ್ಲಿ ಉಳಿಯಬೇಡಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ನಾವು ನುಂಗುವ ನೋವಿನ ಮಾತ್ರೆಯನ್ನು ಕೊಡಲೇಬೇಡಿ. ಅವುಗಳಲ್ಲಿ ಹಲವು ನಾಯಿಗೆ ವಿಷ. ತುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡು ಬಿಳಚಿದ್ದರೆ, ಉಸಿರು ಮೇಲುಸಿರಾಗಿದ್ದರೆ, ಒಂದು ನಿಮಿಷವೂ ಕಾಯುವಂತಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತದೆ, ಹಲಗೆಯ ಮೇಲೋ ಗಟ್ಟಿ ಬಟ್ಟೆಯ ಮೇಲೋ ಮಲಗಿಸಿ ಒಯ್ಯಿರಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಅದಕ್ಕೆ ಬೇಸರ ಬೇಡ. ಲಸಿಕೆಯ ಪುಸ್ತಕ ಜೊತೆಗಿರಲಿ. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಆಮೇಲೆ ತಪ್ಪದೆ ವೈದ್ಯರು ಹೇಳಿದ ಸಮಯಕ್ಕೆ ಹಾಕಿಸಿದ್ದರೂ, ಇನ್ನೊಂದು ನಾಯಿ ಕಚ್ಚಿದ ಮೇಲೆ ರೇಬೀಸ್ ಲಸಿಕೆ ಮತ್ತೆ ಬೇಕಾಗುತ್ತದೆ.

ಬಿಡಿಸಲು ಹೋಗಿ ನಿಮಗೇ ಹಲ್ಲು ತಾಗಿದರೆ, ಹರಿಯುವ ನೀರು, ಸೋಪು, ಪೂರಾ 15 ನಿಮಿಷ. ಆಮೇಲೆ ಆಸ್ಪತ್ರೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬುಲಿನ್ ಕೂಡ ಬೇಕಾಗಬಹುದು. ರೇಬೀಸ್ ಕಾಯಿಲೆಯ ಲೆಕ್ಕ ದೇಶಕ್ಕೆ ಸಿಕ್ಕಿದ್ದೇ ನಮ್ಮ ದಕ್ಷಿಣ ಬೆಂಗಳೂರಿನವರ ದುಡಿಮೆಯಿಂದ. ಬನಶಂಕರಿಯ ಕಿಮ್ಸ್ ವೈದ್ಯಕೀಯ ಕಾಲೇಜಿನ ಡಾ. ಎಂ.ಕೆ. ಸುದರ್ಶನ್ ಅವರ ನೇತೃತ್ವದಲ್ಲಿ 2003ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ವರ್ಷಕ್ಕೆ ಸುಮಾರು 20 ಸಾವಿರ ಜನ ರೇಬೀಸ್‌ನಿಂದ ಸಾಯುತ್ತಾರೆ ಎಂದು ಅಂದಾಜು ಮಾಡಿತು. ಕರ್ನಾಟಕ 2022ರ ಡಿಸೆಂಬರಿನಲ್ಲಿ ಇದನ್ನು ಅಧಿಸೂಚಿತ ರೋಗವೆಂದು ಸಾರಿತು. ಸಾಕುನಾಯಿಯ ಹಲ್ಲು ತಾನೇ ಎಂದು ಅಸಡ್ಡೆ ಮಾಡುವ ವಿಷಯವಲ್ಲ.

ಇಷ್ಟೆಲ್ಲ ಆದಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆ ಎರಡು ನಾಯಿಗಳು ನನಗೆ ಹೊಸವಾಗಿರಲಿಲ್ಲ. ಅದಕ್ಕೆ ಎರಡು ತಿಂಗಳ ಮೊದಲೇ ಒಂದು ದಿನ ನಾವು ಆ ಮನೆ ದಾಟುವಾಗ ಅವು ಗೇಟಿಗೆ ಹಾರಿ ಬಿದ್ದಿದ್ದವು. ಹಳೆಯ ಕಬ್ಬಿಣದ ಗೇಟು, ಚಿಲಕ ಕುಣಿದು ಅರ್ಧ ಎದ್ದಿತ್ತು. ಒಳಗಿನಿಂದ ಒಂದು ದನಿ ಬಂತು: "ಏನೂ ಮಾಡಲ್ಲ, ಬನ್ನಿ." ನಾನು ನಕ್ಕು ಮುಂದೆ ಹೋದೆ. ಎದ್ದ ಚಿಲಕವನ್ನು ನನ್ನ ಕಣ್ಣಾರೆ ನೋಡಿದ್ದೆ. ಹೇಳಲಿಲ್ಲ. ಇಪ್ಪತ್ತು ವರ್ಷದ ನೆರೆ, ಗೌರಿಹಬ್ಬಕ್ಕೆ ಬಾಗಿನ ಕೊಟ್ಟು ತೆಗೆದುಕೊಳ್ಳುವ ಮನೆ, ನಾಯಿಯ ವಿಷಯಕ್ಕೆ ಮಾತು ಕೆಡಿಸಿಕೊಳ್ಳುವುದೇಕೆ ಎಂದು ಸುಮ್ಮನಾದೆ. ಆ ಸುಮ್ಮನಿದ್ದದ್ದರ ಬೆಲೆ ಬೆಲ್ಲಿಯ ಬೆನ್ನಿನ ಮೇಲೆ ಬಿತ್ತು.

ಸಣ್ಣ ನಾಯಿ ಸಾಕುವವರೆಲ್ಲ ಕೇಳಿದ ವಾಕ್ಯ ಇದು. "ಏನೂ ಮಾಡಲ್ಲ ಕಣ್ರೀ, ಸುಮ್ನೆ ಆಟ ಆಡ್ತಾನೆ." "ನಮ್ಮ ಮಕ್ಕಳ ಜೊತೆ ಎಷ್ಟು ಚೆನ್ನಾಗಿರ್ತಾನೆ ಗೊತ್ತಾ?" ಹೇಳುವವರು ಸುಳ್ಳು ಹೇಳುತ್ತಿಲ್ಲ. ತನ್ನ ಮನೆಯ ಮಗುವಿನ ಪಕ್ಕ ಮಲಗುವ ನಾಯಿಯೇ, ಬೀದಿಯಲ್ಲಿ ಕಿರುಚಿಕೊಂಡು ಓಡುವ ಸಣ್ಣ ಪ್ರಾಣಿಯನ್ನು ಕಂಡಾಗ ಬೇಟೆಗಾರ ಆಗಿಬಿಡುತ್ತದೆ. ಅದು ದ್ವೇಷವಲ್ಲ, ಓಟ ಮತ್ತು ಕಿರುಚು ಎಬ್ಬಿಸುವ ಹಳೆಯ ಹುಟ್ಟುಗುಣ. ಎರಡು ನಾಯಿ ಒಟ್ಟಿಗಿದ್ದರೆ ಒಂದು ಮಾಡಿದ್ದನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ. 30 ಕಿಲೋ ನಾಯಿಗೆ ಆಟವಾದದ್ದೂ 6 ಕಿಲೋ ನಾಯಿಗೆ ಎಲುಬು ಮುರಿತ.

ಬೆಲ್ಲಿ ಮನೆಗೆ ಬಂದ ಮೇಲೆ ನಾನು ಆ ಮನೆಗೆ ಹೋದೆ. ಸಿಟ್ಟಿನಿಂದಲೇ ಹೋದೆ. ಕಾರ್ ಪೋರ್ಟಿಕೋದಲ್ಲಿ ಎರಡೂ ನಾಯಿಗಳು ಎರಡು ಕಂಬಕ್ಕೆ ಸರಪಳಿಯಲ್ಲಿದ್ದವು. ಸಿಮೆಂಟ್ ನೆಲದಲ್ಲಿ ಸರಪಳಿ ಎಳೆದು ಎಳೆದು ಅರ್ಧವೃತ್ತದ ಗೀರು ಬಿದ್ದಿತ್ತು. ಮರಿಗಳನ್ನು ತಂದವನು ಮಗ. ಆಮೇಲೆ ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಉಳಿದವರು ಎಪ್ಪತ್ತು ದಾಟಿದ ಗಂಡ ಹೆಂಡತಿ, ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಅರ್ಧ ಗಂಟೆ ಒಬ್ಬ ಹುಡುಗ ಬಂದು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಹೋಗುತ್ತಾನೆ. ಬಿಚ್ಚಿಬಿಟ್ಟ ಸ್ವಲ್ಪ ಹೊತ್ತು ಗೇಟು, ಉಳಿದ ದಿನವೆಲ್ಲ ಆ ಅರ್ಧವೃತ್ತ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಹಳೆಯ ಬೀದಿಗಳಲ್ಲಿ ಇಂಥ ಮನೆ ಎಷ್ಟಿವೆ ಎಂದು ನಿಮಗೇ ಗೊತ್ತು. ಮಕ್ಕಳು ವಿಮಾನ ಹತ್ತಿದ್ದಾರೆ, ನಾಯಿಗಳು ಅಪ್ಪ ಅಮ್ಮನ ಪಾಲಿಗೆ ಬಂದಿವೆ.

ಸಿಟ್ಟು ಹೋಯಿತು ಎನ್ನಲಾರೆ. ಆದರೆ ಅದರ ದಿಕ್ಕು ಬದಲಾಯಿತು. ದಿನವಿಡೀ ಕಟ್ಟಿಹಾಕಿದ ನಾಯಿ, ಗೇಟಿನ ಸರಳುಗಳ ಹಿಂದಿನಿಂದ ಜಗತ್ತನ್ನು ನೋಡುವ ನಾಯಿ, ದಾಟುವ ಪ್ರತಿಯೊಂದಕ್ಕೂ ರೇಗುವುದನ್ನು ಕಲಿಯುತ್ತದೆ. ಬೊಗಳಿದಾಗಲೆಲ್ಲ ಎದುರಿನದು ದೂರ ಹೋಗುತ್ತದೆ. ತಾನೇ ಓಡಿಸಿದೆ ಎಂದು ಅದಕ್ಕೆ ಅನ್ನಿಸುತ್ತದೆ. ವರ್ಷಗಟ್ಟಲೆ ನಡೆದ ಈ ಅಭ್ಯಾಸ ಒಂದು ದಿನ ಒಂದು ಮೊಳದ ಸಂದಿ ಸಿಕ್ಕಾಗ ಹೊರಗೆ ಬರುತ್ತದೆ. ತಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ತಡೆಯಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ನನಗೆ ಆ ತೀರ್ಪು ಸರಿ ಎನಿಸುತ್ತದೆ. ನಮ್ಮ ಬೀದಿಯ ತೊಂದರೆ ಇದ್ದದ್ದು ತಳಿಯಲ್ಲಲ್ಲ, ಚಿಲಕದಲ್ಲಿ, ಸರಪಳಿಯಲ್ಲಿ, ಎರಡು ನಾಯಿಯನ್ನು ಹಿಡಿದ ಒಂದು ಕೈಯಲ್ಲಿ.

ಕಾನೂನು ಏನು ಹೇಳುತ್ತದೆ ಎಂದು ಒಬ್ಬ ವಕೀಲರನ್ನು ಕೇಳಿದೆ. 2025ರ ಆಗಸ್ಟಿನಿಂದ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನವರೆಗೂ ಎಷ್ಟು ಮಾತಾಗಿದೆ. ಗೇಟಿನ ಒಳಗಿನ ನಾಯಿಯ ಬಗ್ಗೆ ಜನ ಅಷ್ಟು ಮಾತಾಡುವುದಿಲ್ಲ. ಹಾಗೆಂದು ಕಾನೂನು ಇಲ್ಲದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ಭಾರಿ ಗಾಯ ಆಗದಂತೆ ನೋಡಿಕೊಳ್ಳದೆ, ತಿಳಿದೂ ಅಥವಾ ಅಜಾಗರೂಕತೆಯಿಂದ ಬಿಟ್ಟವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಮನಿಸಿ, ಮನುಷ್ಯರ ಜೀವಕ್ಕೆ. ನನ್ನ ಎಡಗೈಗೆ ಆದದ್ದು ಆ ಕಲಮಿನ ಹತ್ತಿರ ಬರುತ್ತದೆ, ಬೆಲ್ಲಿಗೆ ಆದದ್ದು ಬರುವುದಿಲ್ಲ. ಪ್ರಾಣಿಯನ್ನು ಕೊಲ್ಲುವ, ಊನ ಮಾಡುವ ಅಪರಾಧಕ್ಕೆ 325ನೇ ಕಲಂ ಇದೆ, ಐದು ವರ್ಷದವರೆಗೆ ಸೆರೆ ಇದೆ. ಆದರೆ ಅದು ಕಿಡಿಗೇಡಿತನದ ಅಪರಾಧ, ಉದ್ದೇಶವೋ ಹೀಗಾಗಬಹುದೆಂಬ ತಿಳಿವಳಿಕೆಯೋ ಇತ್ತು ಎಂದು ತೋರಿಸಬೇಕು. ಕಾನೂನಿನ ಕಣ್ಣಿಗೆ ಬೆಲ್ಲಿ ನನ್ನ ಸ್ವತ್ತು. ಸೈಕಲ್ಲಿನ ಹಾಗೆ, ಮಿಕ್ಸಿಯ ಹಾಗೆ.

ಅದನ್ನು ಕೇಳಿದ ದಿನ ನನಗೆ ನೆನಪಾದದ್ದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು, ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ, ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಬೇಡಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ನಾಯಿಯ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿದರು. ಸಾವಿರ ವರ್ಷದ ಮೇಲೂ ಆ ಹೆಸರನ್ನು ಓದಬಹುದು. ಕಾಳಿ ಹಂದಿಯೊಡನೆ ಕಾದಾಡಿದ ನಾಯಿ. ನಮ್ಮ ಬೆಲ್ಲಿ ಜಿರಳೆಗೂ ಹೆದರುವವಳು. ಆದರೂ ನಾಯಿಗೊಂದು ಹೆಸರುಂಟು, ಅದು ಸತ್ತರೆ ಊರು ನೆನೆಯಬೇಕು ಎಂದು ತಿಳಿದಿದ್ದ ಜನ ನಾವು.

ವಕೀಲರು ಇನ್ನೂ ಎರಡು ಮಾತು ಹೇಳಿದರು, ಅವು ಉಪಯೋಗಕ್ಕೆ ಬಂದವು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಅಪಾಯಕಾರಿ ಪ್ರಾಣಿಯನ್ನು ಕಟ್ಟುನಿಟ್ಟಾಗಿ ಒಳಗಿರಿಸುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶಿಸಬಹುದು. ಕೊನೆಯ ದಾರಿಯಾಗಿ ಕೊಲ್ಲಿಸಲೂಬಹುದು. ಅಲ್ಲಿಯವರೆಗೆ ಹೋಗುವುದು ಯಾರಿಗೂ ಬೇಡ. ಎರಡನೆಯದು, ಕಾಗದ. ನಾಯಿಯ ಯಜಮಾನನಿಗೆ ಅಪಾಯ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆ ಇಂಥ ದೂರುಗಳಲ್ಲಿ ಮುಖ್ಯವಾಗುತ್ತದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಹಾಗಾಗಿ ಮೊದಲು ಮನೆಗೆ ಹೋಗಿ ಮಾತಾಡಿ, ಕಾಫಿ ಕೊಟ್ಟರೆ ಕುಡಿಯಿರಿ. ಮಾರನೆಯ ದಿನ ಅದನ್ನೇ ಒಂದು ಪುಟದಲ್ಲಿ ಬರೆದು ಕೊಡಿ: ಯಾವ ದಿನ, ಎಷ್ಟು ಹೊತ್ತಿಗೆ, ಗೇಟು ಹೇಗಿತ್ತು, ನೋಡಿದವರು ಯಾರು. ಒಂದು ಪ್ರತಿ ನಿಮ್ಮಲ್ಲಿರಲಿ. ಕಚ್ಚಿಯೇ ಬಿಟ್ಟಿದ್ದರೆ ಗಾಯದ ಫೋಟೋ, ವೈದ್ಯರ ಚೀಟಿ, ಖರ್ಚಿನ ರಸೀದಿ ಜೋಡಿಸಿ, ಠಾಣೆಗೂ ದೂರು ಕೊಡಿ. ಕಾಗದ ಬರೆದರೆ ಸಂಬಂಧ ಹಾಳಾಗುತ್ತದೆ ಎಂದು ಹೆದರಿದವಳು ನಾನು. ಹಾಳಾಗಲಿಲ್ಲ. ಆ ಹಿರಿಯರು ಅದನ್ನು ಮಗನಿಗೆ ಕಳಿಸಿದರು. ನಾಲ್ಕು ವರ್ಷದಿಂದ ಅಪ್ಪ ಹೇಳಿಕೊಳ್ಳಲಾಗದ ಮಾತನ್ನು ನೆರೆಮನೆಯ ಕಾಗದ ಹೇಳಿತು.

ಮಗ ದುಡ್ಡು ಕಳಿಸಿದ. ಗೇಟಿಗೆ ತಾನಾಗಿ ಬೀಳುವ ಸ್ಪ್ರಿಂಗ್ ಚಿಲಕ ಬಂತು. ಪೋರ್ಟಿಕೋಗೂ ಗೇಟಿಗೂ ನಡುವೆ ಎದೆಮಟ್ಟದ ಇನ್ನೊಂದು ಜಾಲರಿ ಗೇಟು ಬಂತು. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಗೇಟಿನ ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿದರು, ನಾಯಿಗೆ ಬೀದಿ ಕಾಣದಿದ್ದರೆ ರೇಗುವುದು ಎಷ್ಟೋ ಕಡಿಮೆ. ಎರಡಕ್ಕೂ ಸಂತಾನಹರಣ ಚಿಕಿತ್ಸೆಯಾಯಿತು. ಸರಪಳಿ ಹೋಗಿ ಹಿತ್ತಲು ಸಿಕ್ಕಿತು. ಹುಡುಗ ಈಗ ಒಂದೊಂದನ್ನೇ, ಎರಡು ಸುತ್ತು ಒಯ್ಯುತ್ತಾನೆ, ಬಾಯಿಗೆ ಕುಕ್ಕೆ ಹಾಕಿ. ಕುಕ್ಕೆ ಎಂದರೆ ಆ ಮನೆಯ ಅಜ್ಜಿ ಮೊದಲು ಅಯ್ಯೋ ಎಂದರು. ಕಣದಲ್ಲಿ ಹಂತಿ ಕಟ್ಟುವಾಗ ಎತ್ತಿನ ಬಾಯಿಗೆ ಬೆತ್ತದ ಕುಕ್ಕೆ ಹಾಕುತ್ತಿರಲಿಲ್ಲವೇ, ಅದನ್ನು ಯಾರು ಹಿಂಸೆ ಎಂದರು ಎಂದು ಕೇಳಿದೆ. ಬುಟ್ಟಿಯಂಥ ಕುಕ್ಕೆಯಲ್ಲಿ ನಾಯಿ ನಾಲಿಗೆ ಚಾಚಿ ತೇಕಬಹುದು, ನೀರು ಕುಡಿಯಬಹುದು. ಬಟ್ಟೆಯ ಪಟ್ಟಿ ಬಿಗಿಯುವುದು ಮಾತ್ರ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ.

ನಮ್ಮ ಕಡೆಯಿಂದ ಮಾಡಬೇಕಾದದ್ದೂ ಇತ್ತು. ಬೆಲ್ಲಿಗೆ ಕೊರಳಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿದೆವು, ತುರ್ತಿನಲ್ಲಿ ಅದನ್ನು ಹಿಡಿದು ಎತ್ತಿದರೆ ಕತ್ತಿಗೆ ಪೆಟ್ಟಾಗುವುದಿಲ್ಲ. ಉದ್ದಕ್ಕೆ ಬಿಚ್ಚಿಕೊಳ್ಳುವ ಚಕ್ರದ ಹಗ್ಗ ಬಿಟ್ಟೆವು. ಅವರದು ಆರು ಗಂಟೆ, ನಮ್ಮದು ಏಳೂಕಾಲು ಎಂದು ಹೊತ್ತು ಹಂಚಿಕೊಂಡೆವು. ಇನ್ನು ಛತ್ರಿ. ನಮ್ಮೂರಿನಲ್ಲಿ ವರ್ಷದ ಅರ್ಧದಷ್ಟು ದಿನ ಕೈಯಲ್ಲಿರುವ ವಸ್ತು. ನಾಯಿ ನುಗ್ಗಿ ಬರುವಾಗ ಅದರ ಮುಖದೆದುರು ಛತ್ರಿಯನ್ನು ಫಟ್ಟನೆ ಬಿಚ್ಚಿದರೆ ಅದು ಬೆಚ್ಚುತ್ತದೆ, ನಿಮಗೂ ನಿಮ್ಮ ನಾಯಿಗೂ ಮುಂದೆ ಒಂದು ಗೋಡೆ ಎದ್ದಂತಾಗುತ್ತದೆ. ಮೊದಲು ನಿಮ್ಮ ನಾಯಿಗೆ ಆ ಸದ್ದು ಅಭ್ಯಾಸ ಮಾಡಿಸಿ. ನಾವು ನಡುಮನೆಯಲ್ಲಿ ಛತ್ರಿ ಬಿಚ್ಚಿ ಒಂದೊಂದು ತುಂಡು ಪನೀರ್ ಕೊಟ್ಟು ಕಲಿಸಿದೆವು. ಅಪಾಯ ದೂರದಲ್ಲಿದ್ದಾಗಲೇ ಸಣ್ಣ ನಾಯಿಯನ್ನು ಎತ್ತಿಕೊಂಡು, ಓಡದೆ, ಹತ್ತಿರದ ಗೇಟಿನೊಳಗೆ ಹೋಗಿ. ನಿಂತ ಕಾರಿನ ಮೇಲೆ ಕೂರಿಸಿದರೂ ಆದೀತು, ಕಾರಿನವರಿಗೆ ಆಮೇಲೆ ಹೇಳಿದರಾಯಿತು. ತೀರ ಹತ್ತಿರ ಬಂದ ಮೇಲೆ ಎತ್ತಿದರೆ ಆ ನಾಯಿ ನಿಮ್ಮ ಎದೆಗೇ ಹಾರಬಹುದು. ಹಿಡಿದುಬಿಟ್ಟಿದ್ದರೆ ಎಳೆಯಬೇಡಿ, ಎಳೆದಷ್ಟೂ ಗಾಯ ಹರಿಯುತ್ತದೆ. ನೀರು, ಮೂಗಿನ ಮೇಲೆ ದಪ್ಪ ಕಂಬಳಿ, ಇಬ್ಬರು ದೊಡ್ಡವರಿದ್ದರೆ, ಬಾಯಿ ಸಡಿಲವಾದ ಕೂಡಲೇ ಕಚ್ಚಿದ ನಾಯಿಯ ಹಿಂಗಾಲು ಎತ್ತಿ ಹಿಂದಕ್ಕೆ ನಡೆಸುವುದು. ಬಾಯಿಯ ಹತ್ತಿರ ಕೈ ಬೇಡ.

ಬಿ.ಟಿ.ಎಂ. ಲೇಔಟ್, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿರುವವರಿಗೆ ಗೇಟಿನ ಬದಲು ಲಿಫ್ಟು. ಬಾಗಿಲು ತೆರೆದಾಗ ಎರಡು ನಾಯಿ ಮೂಗಿಗೆ ಮೂಗು. ಹಿಂದೆ ಸರಿಯಲು ಜಾಗವಿಲ್ಲ. ಸಣ್ಣ ನಾಯಿಯನ್ನು ಬಾಗಿಲಿನ ನೇರಕ್ಕೆ ನಿಲ್ಲಿಸದೆ ಪಕ್ಕಕ್ಕೆ, ನಿಮ್ಮ ಕಾಲಿನ ಹಿಂದೆ ನಿಲ್ಲಿಸಿ. ಒಳಗೆ ನಾಯಿ ಕಂಡರೆ ಮುಂದಿನ ಲಿಫ್ಟಿಗೆ ಕಾಯಿರಿ. ಸಂಘದವರು ನಾಯಿಯನ್ನೇ ನಿಷೇಧಿಸುವ ಹಾಗಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಹೊರಗೆ ಹಗ್ಗದಲ್ಲಿ ಹಿಡಿದಿರಿ ಎಂದೂ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಬೆಲ್ಲಿಯ ಬೆನ್ನಿನಲ್ಲಿ ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಮತ್ತೆ ಬಂದಿದೆ, ಬೆಲ್ಲದ ಬಣ್ಣವಲ್ಲ, ಬಿಳಿ. ಆ ಮನೆಯ ಹತ್ತಿರ ಬಂದಾಗ ಈಗಲೂ ಅವಳು ನಿಲ್ಲುತ್ತಾಳೆ. ನಾನು ಎಳೆಯುವುದಿಲ್ಲ. ಕೆಲಸದಾಕೆ ರಂಗೋಲಿ ಮುಗಿಸಿ ಒಳಗೆ ಹೋಗುತ್ತಾಳೆ, ಚಿಲಕ ಟಕ್ಕೆಂದು ಬೀಳುತ್ತದೆ. ಬೆಲ್ಲಿಯ ಒಂದು ಕಿವಿ ಏಳುತ್ತದೆ. ಒಂದು ಕ್ಷಣ ಬಿಟ್ಟು, ಅವಳಾಗಿಯೇ ಮುಂದಕ್ಕೆ ಹೆಜ್ಜೆ ಇಡುತ್ತಾಳೆ.